ಹಂಪಿಯ ಬಂಡೆಯ ಬಣ್ಣ ಯಾವುದು?

ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಇಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮಗಳ ಕೈಯಲ್ಲಿ ಒಂದು ಚಪ್ಪಟೆ ಕಟ್ಟು. ಎರಡು ರಟ್ಟುಗಳ ನಡುವೆ ಇಟ್ಟು, ಅವಳಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದು. ಮೈಸೂರಿನಲ್ಲಿ ರೈಲು ಹತ್ತಿದಾಗಿನಿಂದ ಅದನ್ನು ಕೆಳಗಿಟ್ಟವಳಲ್ಲ. ರಾತ್ರಿಯೆಲ್ಲ ಬರ್ತಿನ ಮೇಲೆ ತಲೆದೆಸೆಗೆ ಒರಗಿಸಿಕೊಂಡೇ ಮಲಗಿದ್ದಳು. ನಿಲ್ದಾಣದ ಹೊರಗೆ ಆಟೋದವರು ಕೇಳಿಯೇ ಬಿಟ್ಟರು:

‘ಏನ್ರೀ ಅದು, ದೇವರ ಫೋಟಾನಾ?’

‘ಅಲ್ಲ, ಹಂಪಿಯ ಫೋಟೋ’ ಎಂದಳು ಮಗಳು.

‘ಹಂಪಿ ಫೋಟಾ ಹಂಪಿಗೇ ತಂದೀರಾ!’ ಎಂದು ಅವರು ನಕ್ಕರು. ನಾವೂ ನಕ್ಕೆವು. ಆದರೆ ಆ ನಗುವಿನ ಹಿಂದೆ ಹನ್ನೊಂದು ತಿಂಗಳ ಕಥೆಯಿತ್ತು. ಒಂದು ಲೆಕ್ಕದ ಪುಸ್ತಕವಿತ್ತು. ಅದರ ಮೊದಲ ಪುಟಗಳಲ್ಲಿ ನಷ್ಟವೇ ಇತ್ತು.

ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರ್. ಕಬ್ಬು, ಬಾಳೆ, ಗದ್ದೆಗಳ ನಡುವೆ ಸಾಗುವ ದಾರಿ ಇದ್ದಕ್ಕಿದ್ದಂತೆ ಬಂಡೆಗಳ ರಾಜ್ಯಕ್ಕೆ ತಿರುಗುತ್ತದೆ. ಯಾರೋ ದೈತ್ಯ ಮಕ್ಕಳು ಆಡುತ್ತ ಒಂದರ ಮೇಲೊಂದು ಪೇರಿಸಿ, ಊಟಕ್ಕೆ ಕರೆದ ಕೂಡಲೇ ಹಾಗೇ ಬಿಟ್ಟು ಓಡಿದಂತೆ ಕಾಣುವ ಬಂಡೆಗಳು. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರನ್ನು ನೋಡಿದವರಿಗೆಲ್ಲ ಗೊತ್ತು, ಇಲ್ಲಿ ಕ್ಯಾಮೆರಾ ಸುಮ್ಮನಿರುವುದಿಲ್ಲ. ಮಗಳದೂ ಸುಮ್ಮನಿರಲಿಲ್ಲ. ಅಲ್ಲಿಂದಲೇ ಎಲ್ಲ ಶುರು.

ಎರಡನೇ ವರ್ಷದ ಬಿ.ಎಸ್ಸಿ. ಓದುವ ಹುಡುಗಿ. ಸೋದರಮಾವ ಬಳಸಿ ಬಿಟ್ಟ ಕ್ಯಾಮೆರಾ ಅವಳ ಕೈಗೆ ಬಂದಿತ್ತು. ಕಳೆದ ಜನವರಿಯಲ್ಲಿ ನಾವಿಬ್ಬರೂ ಹಂಪಿಗೆ ಬಂದು ಮೂರು ದಿನ ಇದ್ದೆವು. ವಾಪಸು ಹೋಗುವಾಗ ರೈಲಿನಲ್ಲಿ ಅವಳು ಮೆಲ್ಲಗೆ ವಿಷಯ ತೆಗೆದಳು.

‘ಅಪ್ಪ, ಇವುಗಳ ಪ್ರಿಂಟ್ ಹಾಕಿಸಿ ಕಾಲೇಜಿನ ಸಂತೆಯಲ್ಲಿ ಮಾರಬೇಕು ಅಂತಿದ್ದೀನಿ. ಬಂದ ದುಡ್ಡಲ್ಲಿ ಒಂದು ಲೆನ್ಸ್ ತಗೋತೀನಿ. ನಿಮ್ಮನ್ನ ಕೇಳಲ್ಲ.’

ನಾನು ಮೇಷ್ಟ್ರು. ಮಕ್ಕಳ ಉತ್ಸಾಹಕ್ಕೆ ನೀರೆರಚುವುದು ತಪ್ಪೆಂದು ಬೇರೆಯವರ ಮಕ್ಕಳ ತಂದೆತಾಯಿಗೆ ಪಾಠ ಹೇಳುವವನು. ಹಾಗಾಗಿ ಐದು ಸಾವಿರ ರೂಪಾಯಿ ಕೊಟ್ಟೆ. ಕೊಡುಗೆಯಾಗಿ ಅಲ್ಲ, ಸಾಲವಾಗಿ. ಜೊತೆಗೆ ನೂರು ಪುಟದ ಒಂದು ಲೆಕ್ಕದ ಪುಸ್ತಕ.

ಕಳಸ ಹೋದ ಗೋಪುರ

ಮೊದಲ ತಪ್ಪು ನನ್ನದೇ. ಅಂಗಡಿಯೊಂದರಲ್ಲಿ 8x10 ಅಂಗುಲದ ಫ್ರೇಮುಗಳು ಒಂದಕ್ಕೆ ನೂರು ರೂಪಾಯಿಯಂತೆ ಸಿಕ್ಕಿದವು. ‘ಅಗ್ಗ’ ಎಂದು ಇಪ್ಪತ್ತು ತಂದುಬಿಟ್ಟೆ. ಚಪ್ಪಲಿ ಕೊಂಡು ಆಮೇಲೆ ಕಾಲು ಅಳೆದ ಹಾಗಾಯಿತು. ಮಗಳು ಚಿತ್ರಗಳನ್ನು ಮೊಬೈಲಿನಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಲ್ಯಾಬಿಗೆ ಕಳಿಸಿದಳು. ‘8x10, ಹೊಳಪಿನ ಕಾಗದ, ಇಪ್ಪತ್ತು’ ಎಂದು ಫೋನಿನಲ್ಲಿ ಹೇಳಿದೆವು. ಎಂಬತ್ತರಂತೆ ಸಾವಿರದ ಆರುನೂರು. ಫ್ರೇಮು ಸೇರಿ ಮೂರು ಸಾವಿರದ ಆರುನೂರು.

ಸಂತೆಯ ದಿನ ಮೇಜಿನ ಮೇಲೆ ಜೋಡಿಸಿಟ್ಟಾಗ ನನಗೇ ಏನೋ ಕಸಿವಿಸಿ. ವಯಸ್ಸಾದ ಹೆಂಗಸೊಬ್ಬರು ಬಂದು ವಿರೂಪಾಕ್ಷ ದೇವಸ್ಥಾನದ ಚಿತ್ರವನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

‘ಗೋಪುರದ ಕಳಸ ಎಲ್ಲಮ್ಮಾ?’

ನಿಜ, ಕಳಸವಿರಲಿಲ್ಲ. ಸುಮಾರು 50 ಮೀಟರ್ ಎತ್ತರದ ಗೋಪುರದ ತಲೆಯನ್ನೇ ಕತ್ತರಿಸಿದಂತಾಗಿತ್ತು. ಹರಿಗೋಲಿನ ಚಿತ್ರದಲ್ಲಿ ಅಂಬಿಗನ ಹುಟ್ಟಿನ ತುದಿ ಮಾಯ. ಎಲ್ಲಕ್ಕಿಂತ ಹೆಚ್ಚಾಗಿ, ಹೇಮಕೂಟದ ಮೇಲೆ ಸಂಜೆ ಬೆಲ್ಲದ ಅಚ್ಚಿನಂತೆ ಹೊಳೆದಿದ್ದ ಬಂಡೆಗಳು ಇಲ್ಲಿ ಸಿಮೆಂಟಿನ ಬಣ್ಣಕ್ಕೆ ತಿರುಗಿದ್ದವು. ಆ ದಿನ ಒಂದೂ ಮಾರಾಟವಾಗಲಿಲ್ಲ. ಇಪ್ಪತ್ತೂ ಮನೆಗೆ ಬಂದು ಅಟ್ಟ ಹತ್ತಿದವು. ಮಗಳು ಆ ರಾತ್ರಿ ಊಟ ಮಾಡಲಿಲ್ಲ. ‘ಹೋಗಲಿ ಬಿಡು, ಓದಿನ ಕಡೆ ಗಮನ ಕೊಡು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳಿಗೆ ಆ ಮಾತು ಕೇಳಿಸಿದೆಯೋ! ನನ್ನ ಬಾಯಿಂದ ಅದು ಹೊರಬೀಳದಿರಲು ಕಾರಣ ಅವಳ ಲೆಕ್ಕದ ಪುಸ್ತಕ. ‘ನಷ್ಟ: 3,600’ ಎಂದು ಬರೆದು, ಅದರ ಕೆಳಗೆ ‘ಯಾಕೆ?’ ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಕಾರಣ ಕೇಳುವ ಮಗುವಿಗೆ ಬಾಗಿಲು ಮುಚ್ಚುವುದು ಮೇಷ್ಟ್ರ ಕೆಲಸವಲ್ಲ.

ಆಷಾಢದ ಪಾಠ

ಆ ‘ಯಾಕೆ’ಗೆ ಉತ್ತರ ಸಿಕ್ಕಿದ್ದು ಆಷಾಢದಲ್ಲಿ, ಮದುವೆಯ ಆಲ್ಬಮ್ಮುಗಳನ್ನು ಮಾಡುವ ಇನ್ನೊಂದು ಲ್ಯಾಬಿನಲ್ಲಿ. ಮದುವೆಯ ಕಾಲದಲ್ಲಿ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಆಷಾಢದಲ್ಲಿ ಮುಹೂರ್ತವಿಲ್ಲ, ಹಾಗಾಗಿ ಯಂತ್ರಕ್ಕೂ ಯಜಮಾನರಿಗೂ ಬಿಡುವು. ‘ಬನ್ನಿ ಮೇಷ್ಟ್ರೇ’ ಎಂದು ಕೂರಿಸಿ, ಚಹಾ ತರಿಸಿ, ನಮ್ಮ ಕಳಸ ಹೋದ ಗೋಪುರವನ್ನು ಬೆಳಕಿಗೆ ಹಿಡಿದು ನೋಡಿದರು.

‘ಇದರಲ್ಲಿ ಯಂತ್ರದ ತಪ್ಪು ಕಡಿಮೆ. ನೀವು ಹೇಳಿದ್ದನ್ನೇ ಅದು ಮಾಡಿದೆ’ ಎಂದರು.

ಅವರು ಅಂದು ಹೇಳಿದ್ದನ್ನೆಲ್ಲ ಮಗಳು ಬರೆದುಕೊಂಡಳು. ಓದುಗ ಮಕ್ಕಳಿಗೆ ಉಪಯೋಗವಾದೀತೆಂದು ಇಲ್ಲಿ ಕೊಡುತ್ತಿದ್ದೇನೆ.

ಒಂದು, ಆಕಾರ. ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಚಿತ್ರ ಮೂರಕ್ಕೆ ಎರಡರ ಪ್ರಮಾಣದ್ದು. 4x6, 6x9, 8x12, 12x18 ಅಂಗುಲಗಳಿಗೆ ಅದು ಸರಿಯಾಗಿ ಕೂರುತ್ತದೆ. 8x12ಕ್ಕೆ ಕೂರುವ ಚಿತ್ರವನ್ನು 8x10ಕ್ಕೆ ತುರುಕಿದರೆ ಎರಡು ಅಂಗುಲ ಕತ್ತರಿಸಲೇಬೇಕು. ಮೇಲೊಂದು, ಕೆಳಗೊಂದು. ಕಳಸ ಹೋದದ್ದು ಹೀಗೆ. ಮೊಬೈಲಿನ ಚಿತ್ರ ಸಾಮಾನ್ಯವಾಗಿ ನಾಲ್ಕಕ್ಕೆ ಮೂರರದ್ದು. ಅದಕ್ಕೆ 6x8, 9x12, 12x16 ಒಪ್ಪುತ್ತವೆ. ಮೊದಲು ಚಿತ್ರ, ಆಮೇಲೆ ಕಾಗದ, ಕೊನೆಗೆ ಫ್ರೇಮು. ಈ ಕ್ರಮ ತಪ್ಪಬಾರದು.

ಎರಡು, ಚುಕ್ಕಿಗಳ ಲೆಕ್ಕ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕಿಗಳಿದ್ದರೆ ಒಳ್ಳೆಯದು. 8x12ಕ್ಕೆ 2400x3600, ಅಂದರೆ ಸುಮಾರು 86 ಲಕ್ಷ ಚುಕ್ಕಿ. 12x18ಕ್ಕೆ 3600x5400, ಸುಮಾರು ಒಂದು ಕೋಟಿ 94 ಲಕ್ಷ. ನಮ್ಮ ಕ್ಯಾಮೆರಾದ 6000x4000ಕ್ಕೆ ಇದು ಸಾಕಷ್ಟಾಯಿತು. ಗೋಡೆಗೆ ತೂಗುಹಾಕಿ ದೂರದಿಂದ ನೋಡುವುದಾದರೆ ಅಂಗುಲಕ್ಕೆ 200 ಇದ್ದರೂ ನಡೆಯುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡಿಬಿಡುತ್ತದೆ. ಪೆನ್‌ಡ್ರೈವಿನಲ್ಲಿ ಕೊಡಬೇಕು, ಇಲ್ಲವೇ ಡಾಕ್ಯುಮೆಂಟ್ ಎಂದು ಕಳಿಸಬೇಕು.

ಮೂರು, ಬಣ್ಣ. ‘ಸಂಜೆಯ ಹಳದಿ ಬೆಳಕನ್ನು ಯಂತ್ರ ತಪ್ಪೆಂದು ತಿಳಿಯುತ್ತದೆ. ಮದುಮಗಳ ಮುಖ ಹಳದಿಯಾಗಿದ್ದರೆ ತಿದ್ದಬೇಕಲ್ಲ? ಹಾಗೇ ನಿಮ್ಮ ಬಂಡೆಯನ್ನೂ ತಿದ್ದಿದೆ’ ಎಂದರು ಯಜಮಾನರು. ತಾನೇ ತಿದ್ದುವ ಆ ಏರ್ಪಾಡನ್ನು ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದುಕೊಡಬೇಕು. ಚಿತ್ರವನ್ನು ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯಲ್ಲಿ ಉಳಿಸಿ ಕೊಡಬೇಕು. ಸಾಮಾನ್ಯ ಲ್ಯಾಬುಗಳಿಗೆ ಅದೇ ಒಗ್ಗುತ್ತದೆ. ಇನ್ನೊಂದು ಮಾತು. ಕಂಪ್ಯೂಟರಿನ ಪರದೆ ತಾನೇ ಉರಿಯುವ ದೀಪ. ಕಾಗದವೋ, ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುವ ಬಡಪಾಯಿ. ಹಾಗಾಗಿ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಕಾಗದದಲ್ಲಿ ಮಂಕಾಗುತ್ತದೆ. ಪರದೆಯ ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಸಮ ಕಾಣುವವರೆಗೆ ಪರದೆಯ ಬೆಳಕು ತಗ್ಗಿಸಿ, ಆಮೇಲೆ ಚಿತ್ರವನ್ನು ತಿದ್ದಬೇಕು.

ನಾಲ್ಕು, ಕಾಗದ. ಬಹುಪಾಲು ಲ್ಯಾಬುಗಳಲ್ಲಿ ಇರುವುದು ಬೆಳಕು ಬೀಳಿಸಿ ರಾಸಾಯನಿಕದಲ್ಲಿ ತೊಳೆಯುವ ಫೋಟೋ ಕಾಗದ. ಅಗ್ಗ, ಬಾಳಿಕೆಯೂ ಚೆನ್ನ. ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಸಿಂಪಡಿಸುವ ಪ್ರಿಂಟುಗಳೂ ಇವೆ. ಅವು ಇನ್ನೂ ಹೆಚ್ಚು ಬಾಳುತ್ತವೆ, ಬೆಲೆಯೂ ಹಲವು ಪಟ್ಟು. ಕಲಿಯುವ ಮಕ್ಕಳಿಗೆ ಮೊದಲನೆಯದೇ ಸಾಕು. ಹೊಳಪಿನ ಕಾಗದ ಬೆರಳ ಗುರುತನ್ನೂ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನೂ ಹಿಡಿದಿಡುತ್ತದೆ. ಸಂತೆಯಲ್ಲಿ ಹತ್ತು ಕೈ ಮುಟ್ಟುವ ಚಿತ್ರಕ್ಕೆ ಅದು ಬೇಡ. ಮಂದ ಹೊಳಪಿನ, ಸಣ್ಣ ತರಿಯಿರುವ ಕಾಗದ ಬಂಡೆಗೂ ಒಪ್ಪುತ್ತದೆ, ಜೇಬಿಗೂ ಒಪ್ಪುತ್ತದೆ.

ಕೊನೆಗೆ ಯಜಮಾನರು ಒಂದು ಗುಟ್ಟು ಹೇಳಿದರು. 12x18ರ ಒಂದು ಹಾಳೆಯಲ್ಲಿ 6x9ರ ನಾಲ್ಕು ಚಿತ್ರ ಸರಿಯಾಗಿ ಕೂರುತ್ತವೆ. ಒಂದು ತುಂಡೂ ಹಾಳಾಗುವುದಿಲ್ಲ. ಒಂದು ಹಾಳೆಯ ದರದಲ್ಲಿ ನಾಲ್ಕು ಪ್ರಿಂಟು!

ಅಷ್ಟಾದ ಮೇಲೂ ಮಗಳು ಅವಸರ ಮಾಡಲಿಲ್ಲ. ಹೇಮಕೂಟದ ಅದೇ ಸಂಜೆಯ ಚಿತ್ರವನ್ನು ಮೂರು ಲ್ಯಾಬುಗಳಲ್ಲಿ 4x6 ಅಳತೆಯಲ್ಲಿ ಹಾಕಿಸಿದಳು. ಹಿಂದೆ ಪೆನ್ಸಿಲಿನಲ್ಲಿ ಲ್ಯಾಬು, ಕಾಗದ, ದಿನಾಂಕ ಬರೆದಳು. ಪೆನ್ನಿನ ಶಾಯಿ ಮುಂದಕ್ಕೆ ಒಸರುತ್ತದೆಯಂತೆ. ಮೂರನ್ನೂ ಕಿಟಕಿಯ ಬೆಳಕಿನಲ್ಲೊಮ್ಮೆ, ಟ್ಯೂಬ್‌ಲೈಟಿನಲ್ಲೊಮ್ಮೆ ಪಕ್ಕಪಕ್ಕ ಇಟ್ಟು ನೋಡಿದೆವು. ಒಂದರಲ್ಲಿ ನೆರಳು ಕಪ್ಪುಮಸಿ, ಇನ್ನೊಂದರಲ್ಲಿ ಬಂಡೆ ಕೆಂಪು ಇಟ್ಟಿಗೆ, ಮೂರನೆಯದರಲ್ಲಿ ಬೆಲ್ಲ. ಮೂರನೆಯದು ಅತಿ ಅಗ್ಗದ್ದೇನೂ ಆಗಿರಲಿಲ್ಲ, ಅತಿ ದುಬಾರಿಯೂ ಅಲ್ಲ. ಆಷಾಢದ ಯಜಮಾನರದ್ದೇ.

ನಾನು ಮತ್ತೆ ಮೂರು ಸಾವಿರ ಸಾಲ ಕೊಟ್ಟೆ. ಈ ಸಲ ಕೈ ಅಷ್ಟು ಸಲೀಸಾಗಿ ಜೇಬಿಗೆ ಹೋಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ತಲೆಕೆಳಗಾದ ಗೋಪುರ

ಡಿಸೆಂಬರಿನ ಆ ಬೆಳಿಗ್ಗೆ ನಾವು ಮೊದಲು ಹೋದದ್ದು ವಿರೂಪಾಕ್ಷನ ಸನ್ನಿಧಿಗೆ. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ. ಗೋಡೆಯ ಸಣ್ಣ ಕಿಂಡಿಯಿಂದ ಒಳಬಂದ ಬೆಳಕು ಎದುರು ಗೋಡೆಯ ಮೇಲೆ ಪೂರ್ವದ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಶಾಲೆಯಲ್ಲಿ ನಾನು ರಟ್ಟಿನ ಡಬ್ಬಕ್ಕೆ ಸೂಜಿಯಲ್ಲಿ ತೂತು ಮಾಡಿ ಮಕ್ಕಳಿಗೆ ತೋರಿಸುವ ಸೂಜಿರಂಧ್ರ ಕ್ಯಾಮೆರಾ ಇದೇ. ಬೆಳಕು ನೇರವಾಗಿ ಚಲಿಸುತ್ತದೆ. ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ. ಪಠ್ಯಪುಸ್ತಕದ ಒಂದು ಪಾಠ ಇಲ್ಲಿ ಕಲ್ಲಿನ ಗೋಡೆಯ ಮೇಲೆ ದಿನವೂ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರು ಇದನ್ನು ತೋರಿಸದೆ ಬರಬಾರದು.

‘ಇಲ್ಲಿ ಕಳಸ ಸರಿಯಾಗಿದೆ ಅಪ್ಪ’ ಎಂದಳು ಮಗಳು, ಗೋಡೆಯ ಮೇಲಿನ ನೆರಳಿನ ಕೆಳತುದಿ ತೋರಿಸಿ.

ಹಂಪಿಗೂ ಫೋಟೋ ಪ್ರಿಂಟಿಗೂ ಇರುವ ನಂಟು ಹಳೆಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಇಲ್ಲಿಗೆ ಬಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಈ ಪಾಳುನಗರವನ್ನು ಹಿಡಿದ. ಆ ಕಾಲದಲ್ಲಿ ಹಿಗ್ಗಿಸುವ ಯಂತ್ರವಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ದೊಡ್ಡದು. ಎರಡನ್ನೂ ಒತ್ತಿ ಬಿಸಿಲಿಗೆ ಹಿಡಿಯಬೇಕು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾವನ್ನೇ ಈ ಬಂಡೆಗಳ ನಡುವೆ ಹೊತ್ತು ತಿರುಗಬೇಕು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಉಳಿದಿದೆ, ಯಾವುದು ಹೋಗಿದೆ ಎಂದು ತಿಳಿಯುತ್ತದೆ. ಒಳ್ಳೆಯ ಪ್ರಿಂಟು ಬರೀ ಅಲಂಕಾರವಲ್ಲ, ಸಾಕ್ಷಿ ಕೂಡ.

ಇನ್ನು, ಕೈಗೆಟಕುವ ಬೆಲೆಗೆ ಒಳ್ಳೆಯ ಚಿತ್ರದ ಪ್ರತಿಗಳನ್ನು ಮಾಡಿ ಮಾರುವ ಕಷ್ಟ ನಮ್ಮ ಮನೆಯದು ಮಾತ್ರವಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲಚಿತ್ರಗಳಾಗಿ ನಾವು ನೋಡುವ ರಾಜಾ ರವಿವರ್ಮ, 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಅಲ್ಲಿನ ಲಕ್ಷ್ಮಿ, ಸರಸ್ವತಿಯರ ಅಗ್ಗದ ಪ್ರತಿಗಳು ಕಟ್ಟು ಹಾಕಿಸಿಕೊಂಡು ನಮ್ಮ ಅಜ್ಜಿಯರ ದೇವರ ಮನೆಗಳವರೆಗೂ ಬಂದವು. ಚಿತ್ರ ಮನೆಮನೆ ಸೇರಿತು, ಆದರೆ ಅಚ್ಚುಕೂಟ ಸಾಲದಲ್ಲಿ ಸಿಕ್ಕಿ, ಕೊನೆಗೆ ಅಲ್ಲಿದ್ದ ಜರ್ಮನ್ ತಂತ್ರಜ್ಞರಿಗೆ ಮಾರಾಟವಾಯಿತು. ಈ ಕಥೆ ಹೇಳಿದ ದಿನ ಮಗಳಿಗೆ ಸ್ವಲ್ಪ ಸಮಾಧಾನವಾಗಿತ್ತು.

ವಿಠ್ಠಲ ದೇವಸ್ಥಾನದ ಮುಂದೆ, ಬ್ಯಾಟರಿ ಗಾಡಿ ಇಳಿದು ಕಲ್ಲಿನ ರಥದ ಎದುರು ನಿಂತಾಗ ಅವಳು ಪರ್ಸಿನಿಂದ 50 ರೂಪಾಯಿಯ ನೋಟು ತೆಗೆದಳು. 2017ರಲ್ಲಿ ಬಂದ ನೀಲಿ ನೋಟಿನ ಹಿಂಬದಿಯಲ್ಲಿ ಇದೇ ರಥ. ‘ಹಂಪಿಯ ಚಿತ್ರ ಎಲ್ಲರ ಜೇಬಿನಲ್ಲೂ ಇದೆ. ಹಾಗಿರುವಾಗ ನನ್ನದನ್ನು ಯಾಕೆ ಕೊಳ್ಳಬೇಕು?’ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರವನ್ನೂ ಅವಳೇ ಕಂಡುಕೊಂಡಿದ್ದಳು. ಸಂತೆಯಲ್ಲಿ ಎಲ್ಲರೂ ತೆಗೆಯುವ ರಥದ ಚಿತ್ರ ಅಷ್ಟಾಗಿ ಹೋಗಲಿಲ್ಲ. ಹೋದದ್ದು ಹರಿಗೋಲಿನದು.

ಲೆಕ್ಕದ ಪುಸ್ತಕ

ಎರಡನೇ ಸಲ ಅವಳು ಮಾಡಿಸಿದ್ದು ನಾಲ್ಕೇ ಚಿತ್ರ, ತಲಾ ಹತ್ತರಂತೆ ನಲವತ್ತು. ಎಲ್ಲವೂ 6x9. ಅದನ್ನು 8x12ರ ಮೌಂಟ್ ಬೋರ್ಡಿನ ಕಿಟಕಿಯಲ್ಲಿ ಕೂರಿಸಿದಳು. ಕೊಂಡವರು ಅದನ್ನು ಯಾವುದೇ ಅಂಗಡಿಯ 8x12 ಫ್ರೇಮಿಗೆ ನೇರವಾಗಿ ಹಾಕಿಕೊಳ್ಳಬಹುದು. ಬೋರ್ಡಿನಿಂದ ಇನ್ನೊಂದು ಲಾಭವಿದೆ. ಚಿತ್ರ ಗಾಜಿಗೆ ತಾಗುವುದಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ಗಾಜಿಗೆ ತಾಗಿದ ಫೋಟೋ ಅಂಟಿಕೊಂಡು ಹಾಳಾಗುವುದನ್ನು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ಆಮ್ಲವಿಲ್ಲದ ಬೋರ್ಡು ಕೇಳಿ ತರಬೇಕು. ಸಾಮಾನ್ಯ ರಟ್ಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಚಿತ್ರಕ್ಕೂ ಕಲೆ ಹತ್ತಿಸುತ್ತದೆ.

ಖರ್ಚಿನ ಲೆಕ್ಕ ಹೀಗಿತ್ತು. ಪ್ರಿಂಟಿಗೆ 40, ಬೋರ್ಡಿಗೆ 35, ಹಿಂಬದಿಯ ರಟ್ಟು ಮತ್ತು ಪಾರದರ್ಶಕ ಹೊದಿಕೆಗೆ 15, ಪರೀಕ್ಷೆಯ ಪ್ರಿಂಟು, ಹಾಳಾದದ್ದು, ಓಡಾಟ ಎಂದು 10. ಒಟ್ಟು ನೂರು ರೂಪಾಯಿ. ‘ನೂರೈವತ್ತಕ್ಕೆ ಮಾರು’ ಎಂದೆ ನಾನು. ‘ನಲವತ್ತೂ ಹೋಗುತ್ತೆ ಅಂತ ಏನು ಗ್ಯಾರಂಟಿ ಅಪ್ಪ? ಉಳಿದವುಗಳ ಖರ್ಚನ್ನೂ ಹೋದವೇ ಹೊರಬೇಕು. ಅಂಗಡಿಯಲ್ಲಿ ಇಟ್ಟರೆ ಅವರಿಗೂ ಪಾಲು ಕೊಡಬೇಕು’ ಎಂದು ಅವಳು 250 ಬರೆದಳು. ಮೇಷ್ಟ್ರಿಗೆ ಪಾಠ!

ದಸರೆಯ ದಿನಗಳ ಸಂತೆಯಲ್ಲಿ 27 ಹೋದವು, 6,750 ರೂಪಾಯಿ. ಪುಸ್ತಕದ ಅಂಗಡಿಯೊಂದರಲ್ಲಿ ನೂರಕ್ಕೆ ಮೂವತ್ತು ಅವರಿಗೆಂಬ ಒಪ್ಪಂದದಲ್ಲಿ ಹತ್ತು ಹೋದವು. ಕೈಗೆ ಬಂದದ್ದು 1,750. ಒಟ್ಟು 8,500. ಎರಡೂ ಸಲದ ಖರ್ಚು 7,600. ನನ್ನ ಎಂಟು ಸಾವಿರ ಸಾಲ ತೀರಿಸಿ ಅವಳ ಕೈಯಲ್ಲಿ ಉಳಿದದ್ದು 900 ರೂಪಾಯಿ. ಲೆನ್ಸ್ ಇನ್ನೂ ದೂರವಿದೆ. ಆದರೆ ಮನೆಗೆ ಬಂದ ನೆಂಟರಿಗೆಲ್ಲ ಆ ಒಂಬೈನೂರರ ಕಥೆಯನ್ನು ನಾನು ಹೇಳಿದಷ್ಟು ನನ್ನ ಸಂಬಳದ ಕಥೆಯನ್ನು ಎಂದೂ ಹೇಳಿಲ್ಲ.

ಪುಸ್ತಕದ ಕೊನೆಯಲ್ಲಿ ಮಾತ್ರ ಒಂದು ಸಾಲು ಖಾಲಿಯಿತ್ತು. ‘ಹರಿಗೋಲಿನ ಅಜ್ಜ:’ ಎಂದು ಬರೆದು, ಮುಂದೆ ಏನೂ ಇರಲಿಲ್ಲ.

‘ಇದೇನು?’ ಎಂದು ಕೇಳಿದೆ.

‘ಅವರ ಚಿತ್ರದ ಹತ್ತೂ ಹೋದವು ಅಪ್ಪ. ತೆಗೆಯುವಾಗ ತೆಗೀಲಾ ಅಂತ ಕೇಳಿದ್ದೆ. ಮಾರಲಾ ಅಂತ ಕೇಳಿರಲಿಲ್ಲ.’

ನಾನು ಸುಮ್ಮನಾದೆ. ಕಾನೂನು, ಅನುಮತಿ ಎಂದರೆ ನಮಗೆ ನೆನಪಾಗುವುದು ಇಲಾಖೆಯ ಕಚೇರಿ. ಅದೂ ಬೇಕು. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡುವವರು, ವ್ಯಾಪಾರಕ್ಕೆಂದು ಚಿತ್ರ ತೆಗೆಯುವವರು ಮೊದಲೇ ಅಲ್ಲಿನ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಆದರೆ ಮನುಷ್ಯರ ಮುಖಕ್ಕೆ ಕಚೇರಿ ಎಲ್ಲಿದೆ? ಅವರನ್ನೇ ಕೇಳಬೇಕು. ಈ ಪ್ರಯಾಣ ಹೊರಟದ್ದು ಅದಕ್ಕೇ.

ಚಕ್ರತೀರ್ಥದಲ್ಲಿ

ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗಳೆಲ್ಲ ಬೂದಿ ಬಳಿದುಕೊಂಡ ಹಾಗಿದ್ದವು. ಕೋದಂಡರಾಮ ದೇವಸ್ಥಾನದ ಮುಂದೆ ಚಕ್ರತೀರ್ಥದಲ್ಲಿ ತುಂಗಭದ್ರೆ ತಿರುಗುವ ಕಡೆ ನಾಲ್ಕೈದು ಹರಿಗೋಲುಗಳು ಬೋರಲು ಬಿದ್ದಿದ್ದವು. ಬಿದಿರಿನ ಬುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹರಿಗೋಲು ಇಳಿಯುವುದಿಲ್ಲ. ಆ ದಿನಗಳಲ್ಲಿ ಇವರಿಗೆ ಸಂಪಾದನೆಯೂ ಇಲ್ಲ. ಲ್ಯಾಬಿನವರಿಗೆ ಆಷಾಢ ಇದ್ದಂತೆ.

ಅಜ್ಜ ಒಂದು ಬಂಡೆಯ ನೆರಳಿನಲ್ಲಿ ಕೂತಿದ್ದರು. ಮಗಳು ಹೋಗಿ ಪಕ್ಕದಲ್ಲಿ ಕೂತು ಕಟ್ಟು ಬಿಚ್ಚಿದಳು. ಅಜ್ಜ ಮೊದಲು ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಚಿತ್ರದ ಅಂಚು ಹಿಡಿದು, ಸ್ವಲ್ಪ ದೂರ ಹಿಡಿದು, ಬಹಳ ಹೊತ್ತು ನೋಡಿದರು.

‘ಭಾಳ ಮಂದಿ ಹೊಡ್ಕೊಂಡು ಹೋಗ್ಯಾರವ್ವಾ ನಮ್ಮ ಫೋಟಾ. ಕಳಸ್ತೀನಿ ಅಂತಾರ. ತಂದು ಕೊಟ್ಟೋರು ಯಾರೂ ಇಲ್ಲ.’

ಮಗಳು ಎಲ್ಲ ಹೇಳಿದಳು. ಹತ್ತು ಮಾರಿದ್ದು, ಬೆಲೆ ಎಷ್ಟು, ಕೇಳದೆ ಮಾರಿದ್ದು. ಹೇಳಿ ಮುಗಿಸುವಾಗ ದನಿ ಸಣ್ಣದಾಗಿತ್ತು. ಪರ್ಸಿನಿಂದ ಐನೂರರ ನೋಟು ತೆಗೆದು ಮುಂದೆ ಹಿಡಿದಳು.

ಅಜ್ಜ ನೋಟಿನ ಕಡೆ ನೋಡಲಿಲ್ಲ. ಚಿತ್ರದಲ್ಲಿದ್ದ ಹುಟ್ಟಿನ ಮೇಲೆ ಬೆರಳಿಟ್ಟರು. ಈ ಸಲ ಅದರ ತುದಿಯೂ ಇತ್ತು. ‘ಈ ಹುಟ್ಟು ಮುರೀತು. ಈಗ ಬ್ಯಾರೆ ಐತಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಎರಡೂವರೆ ನೂರು ಕೊಟ್ಟು ನನ್ನ ಮುಖ ತಗೊಂಡ್ರೇನ್ರೀ ಮಂದಿ? ಮೈಸೂರಾಗ?’ ಎಂದು ಜೋರಾಗಿ ನಕ್ಕರು. ಪಕ್ಕದ ಹರಿಗೋಲಿನವರನ್ನೆಲ್ಲ ಕರೆದು ತೋರಿಸಿದರು.

‘ದುಡ್ಡು ಇಟ್ಕೋ, ಅಜ್ಜ’ ಎಂದು ಮಗಳು ಮತ್ತೆ ಒತ್ತಾಯ ಮಾಡಿದಳು.

‘ದುಡ್ಡು ಒಲ್ಲೆ. ಒಂದ್ ಕೆಲಸ ಮಾಡು. ಇದು ದೊಡ್ಡದಾತು, ಮಾಡಿನ ಗ್ವಾಡಿಗೆ ಹಿಡಿಸೂದಿಲ್ಲ. ಸಣ್ಣವು ಹಾಕಿಸಿ ಕಳಸು. ಇಬ್ಬರು ಹೆಣ್ಮಕ್ಕಳು ಅದಾರ ನನಗ, ಇಬ್ಬರ ಮನಿಗೂ ಒಂದೊಂದು. ಮಾರೂದು ಮಾರು, ಬ್ಯಾಡ ಅನ್ನೂದಿಲ್ಲ.’

ಮಗಳು ಅಲ್ಲೇ ಪುಸ್ತಕ ತೆಗೆದು ಖಾಲಿ ಸಾಲಿನ ಮುಂದೆ ಬರೆದಳು: ‘4x6, ಎರಡು.’ ಸ್ವಲ್ಪ ಯೋಚಿಸಿ, ಎರಡನ್ನು ಹೊಡೆದುಹಾಕಿ ನಾಲ್ಕು ಮಾಡಿದಳು. ವಿಳಾಸವನ್ನು ಪಕ್ಕದ ಅಂಗಡಿಯವರಿಂದ ಕೇಳಿ ಬರೆದುಕೊಂಡಳು.

ಸಂಜೆ ಹೇಮಕೂಟ ಹತ್ತಿದೆವು. ಉಳಿದಿದ್ದ ಮೂರು ಚಿತ್ರಗಳಲ್ಲಿ ಒಂದು ಅಲ್ಲಿನದೇ. ಸೂರ್ಯ ಇಳಿಯುತ್ತಿದ್ದಂತೆ ಬೂದಿಯ ಬಂಡೆಗಳು ಮೊದಲು ಗೋಧಿಯ ಬಣ್ಣಕ್ಕೆ, ಆಮೇಲೆ ಬೆಲ್ಲದ ಬಣ್ಣಕ್ಕೆ, ಕೊನೆಗೆ ಕಾವಿಗೆ ತಿರುಗಿದವು. ಮಗಳು ಪ್ರಿಂಟನ್ನು ಎತ್ತಿ ಬಂಡೆಯ ಪಕ್ಕದಲ್ಲಿ ಹಿಡಿದು ನೋಡುತ್ತ ನಿಂತಳು. ಮೊದಲು ಹೊಂದಲಿಲ್ಲ. ಆಮೇಲೆ ಒಂದೆರಡು ನಿಮಿಷ ಎರಡೂ ಒಂದೇ ಆಗಿದ್ದವು. ಅಷ್ಟರಲ್ಲಿ ಬೆಳಕು ಮುಂದೆ ಹೋಯಿತು.

‘ಸ್ವಲ್ಪ ಕೆಂಪು ಕಡಿಮೆ ಮಾಡಬೇಕು ಅಪ್ಪ’ ಎಂದಳು, ಕಟ್ಟನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತುತ್ತ.